ಮೇಲಿನ ಎರಡು ಮೊರ

ಬೆನಕಪ್ಪನಿಗೆ ಬಚ್ಚಲುಮನೆ ಕಟ್ಟಿಸುವ ಹುಚ್ಚು ಹಿಡಿಸಿದ್ದು ಸೊಸೆಯಲ್ಲ, ಬೀಗರು. ಮಗ ಬಸವರಾಜನ ಮದುವೆಯಾದ ಹೊಸದರಲ್ಲಿ ಕಡೂರಿನಿಂದ ಬಂದಿದ್ದ ಬೀಗರು, ಹಿತ್ತಲಲ್ಲಿ ತೆಂಗಿನ ಗರಿಯ ತಟ್ಟಿ ಕಟ್ಟಿದ್ದ ಬಚ್ಚಲನ್ನು ನೋಡಿ, "ನಮ್ಮ ಹುಡುಗಿ ಕಾಂತ ಇಲ್ಲೇ ಸ್ನಾನ ಮಾಡ್ಬೇಕಾ?" ಎಂದು ನಗುತ್ತಲೇ ಕೇಳಿದರು. ಆಮೇಲೆ ಮಜ್ಜಿಗೆ ಕುಡಿದು ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು. ಮಾತು ಮಾತ್ರ ಅಂತರಘಟ್ಟೆಯಲ್ಲೇ ಉಳಿಯಿತು. ಅಂಗಳದಲ್ಲಿ ನೆಲದಡಿ ರಾಗಿ ತುಂಬಿಡುವ ಹಗೇವು ಇರುವ ಮನೆ, ಊರಲ್ಲಿ ನ್ಯಾಯ ಹೇಳಲು ಕರೆಯುವ ಮನುಷ್ಯ, ತಟ್ಟಿ ಬಚ್ಚಲಿನವನು ಅನ್ನಿಸಿಕೊಳ್ಳುವುದೇ? ಎರಡು ದಿನ ಬೆನಕಪ್ಪನಿಗೆ ಊಟ ಸೇರಲಿಲ್ಲ.

ಸಿಮೆಂಟು ಆಗ ಕೇಳಿದ ಕೂಡಲೇ ಸಿಗುವ ವಸ್ತುವಾಗಿರಲಿಲ್ಲ. ತರೀಕೆರೆಗೆ ನಾಲ್ಕು ಸಲ ಅಲೆದು, ಅರ್ಜಿ ಬರೆಸಿ, ಆರು ಚೀಲಕ್ಕೆ ಪರ್ಮಿಟ್ಟು ತಂದ. ಅಂಗಳದ ಮೂಡಣ ಮೂಲೆಯಲ್ಲಿ ಜಾಗ ಗುರುತು ಮಾಡಿ ಗೂಟ ಹೊಡೆಯುತ್ತಿದ್ದಾಗ ತಾಯಿ ಶಂಕರಮ್ಮ ಕೋಲೂರಿಕೊಂಡು ಬಂದು ನಿಂತಳು. ಎಂಬತ್ತರ ಹತ್ತಿರದ ಮುದುಕಿ, ಕಣ್ಣು ಮಂಜು, ಆದರೆ ಗೂಟ ಎಲ್ಲಿ ಇಳಿಯುತ್ತಿದೆ ಎಂಬುದು ಸದ್ದಿನಲ್ಲೇ ಗೊತ್ತಾಗಿತ್ತು.

"ಇಲ್ಲಿ ಬ್ಯಾಡ ಕಣಪ್ಪ. ಕೆಳಗೆ ಹಗೇವು ಐತೆ."

"ಹಗೇವಿನ ಬಾಯಿ ಅಲ್ಲೈತಲ್ಲವ್ವ, ಹತ್ತು ಹೆಜ್ಜೆ ಆಚೆಗೆ."

"ಬಾಯಿ ಅಲ್ಲೈತೆ, ಹೊಟ್ಟೆ ಇಲ್ಲೈತೆ. ಪಡುವಲಾಗೆ ಬಂಡೆ ಸಿಕ್ತು ಅಂತ ನಿಮ್ಮಪ್ಪ ಮೂಡ್ಲಾಗೆ ತೋಡ್ಸಿದ್ರು. ಆ ಮಣ್ಣು ಹೊತ್ತೋಳು ನಾನು."

"ಸಿಮೆಂಟು ಹಾಕಿಸ್ತಿದೀನಿ ಕಣವ್ವ. ಒಂದು ತೊಟ್ಟೂ ಕೆಳಕ್ಕಿಳಿಯಲ್ಲ. ನೀನು ಹೋಗಿ ಕೂತ್ಕ."

ಮುದುಕಿ ಹೋಗಿ ಕೂತಳು. ನಿಜ ಹೇಳಬೇಕೆಂದರೆ ಬೆನಕಪ್ಪನಿಗೆ ಆರು ಚೀಲ ಸಿಮೆಂಟಿನ ಮೇಲಿದ್ದ ನಂಬಿಕೆ ಹೆತ್ತ ತಾಯಿಯ ಮೇಲಿರಲಿಲ್ಲ. ಆ ಸಿಮೆಂಟಾದರೂ ನೆಲಕ್ಕೆ, ಗೋಡೆಗೆ, ಹಂಡೆಯ ಕಟ್ಟೆಗೆ ಆಗುವಷ್ಟರಲ್ಲಿ ಮುಗಿದುಹೋಯಿತು. ನೀರು ಹೊರಗೆ ಹೋಗುವ ಮೋರಿಗೆ ಒಂದು ಬಾಂಡಲಿಯೂ ಉಳಿಯಲಿಲ್ಲ. "ಮೋರಿ ಮುಂದಿನ ವರ್ಷ ಆಯ್ತದೆ ಬಿಡು" ಎಂದು ಮಣ್ಣಿನಲ್ಲೇ ಒಂದು ಗೆರೆ ತೋಡಿಸಿದ. ಬೀಗರು ದೀಪಾವಳಿಗೆ ಬಂದಾಗ ಬಚ್ಚಲುಮನೆಯ ಗೋಡೆ ಮುಟ್ಟಿ ನೋಡಿ ತಲೆದೂಗಿದರು. ಬೆನಕಪ್ಪನಿಗೆ ಜೀವನ ಸಾರ್ಥಕವಾದಂತಾಯಿತು.

ಮಾರನೆಯ ವರ್ಷ, ಎಂಬತ್ತೊಂದನೇ ಇಸವಿಯ ವೈಶಾಖದಲ್ಲಿ, ಹಗೇವು ತೆಗೆದರು.

ಹಗೇವು ತೆಗೆಯುವುದೆಂದರೆ ಆ ಮನೆಯಲ್ಲಿ ಸಣ್ಣ ಹಬ್ಬವೇ. ನಾಲ್ಕು ವರ್ಷದ ಹಿಂದೆ ನೆಲದೊಳಗೆ ತುಂಬಿ, ಮೇಲೆ ಹುಲ್ಲು ಹಾಸಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದ ರಾಗಿ. ಆಳು ಮುದ್ದಪ್ಪ ಮಣ್ಣು ಬಿಡಿಸಿ ಚಪ್ಪಡಿ ಎತ್ತಿದ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಒಂದು ದಿನ ಹಾಗೇ ಬಿಟ್ಟು, ಮಾರನೆಯ ದಿನ ಲಾಟೀನು ಇಳಿಬಿಟ್ಟು, ದೀಪ ಆರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಇಳಿದ. ಮೊದಲ ಹತ್ತು ಬುಟ್ಟಿ ರಾಗಿ ಬಂತು. ಬೆನಕಪ್ಪನ ಹೆಂಡತಿ ಮಲ್ಲಿಕಾಂಬ ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದಳು. ಗಂಡನ ಮುಖ ನೋಡಿದಳು.

"ಹಗೇವಿನ ರಾಗಿ ಅಂದ್ಮೇಲೆ ಸ್ವಲ್ಪ ವಾಸ್ನೆ ಇದ್ದೇ ಇರುತ್ತೆ" ಎಂದ ಬೆನಕಪ್ಪ.

ಅಷ್ಟರಲ್ಲಿ ಒಳಗಿನಿಂದ ಮುದ್ದಪ್ಪ ಕೂಗಿದ. "ಯಜಮಾನ್ರೇ, ಮೂಡ್ಲು ಗ್ವಾಡೆ ಒದ್ದೆ ಐತೆ. ರಾಗಿ ಗಡ್ಡೆ ಕಟ್ಟೈತೆ. ಕೈ ಇಟ್ರೆ ಬಿಸಿ!"

ಸಂಜೆಯವರೆಗೂ ಬುಟ್ಟಿ ಮೇಲೆ ಬರುತ್ತಲೇ ಇತ್ತು. ಎರಡು ಗಾಡಿಯಷ್ಟು ಕರಿಗಡ್ಡೆ ತಿಪ್ಪೆಗೆ ಹೋಯಿತು. ಉಳಿದ ಇಪ್ಪತ್ತು ಚೀಲ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಮೂಗು ಬೇರೆ ಹೇಳುತ್ತಿತ್ತು. ಇಡೀ ರಾಗಿಗೆ ಮುಗ್ಗಲು ವಾಸನೆ ಹಿಡಿದಿತ್ತು. ಜಗುಲಿಯ ಮೇಲೆ ಕೂತಿದ್ದ ಶಂಕರಮ್ಮ ತಾನು ಹೇಳಿದ್ದೇ ಆಯಿತೆಂದು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಬೆನಕಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅಂದಿನಿಂದ ಆ ಮನೆಯ ಹೆಂಗಸರಿಗೆ ಬೇರೆ ಕೆಲಸವೇ ಇಲ್ಲದಂತಾಯಿತು. ಬಿಸಿಲಿಗೆ ಹರವಿದರು, ತೂರಿದರು, ನೀರಲ್ಲಿ ತೊಳೆದು ಮತ್ತೆ ಒಣಗಿಸಿದರು, ಹುರಿದೂ ನೋಡಿದರು. ಅಜ್ಜಂಪುರದ ಗಿರಣಿಯವನು ಮೊದಲ ದಿನ ಬೀಸಿಕೊಟ್ಟ. ಎರಡನೇ ಸಲ ಚೀಲ ಕಂಡ ಕೂಡಲೇ, "ನೀವು ಕೊನೆಗೆ ಬರ್ರಿ. ನಿಮ್ಮದು ಬೀಸಿದ್ರೆ ಆಮ್ಯಾಲೆ ಬಂದೋರ ಹಿಟ್ಟೆಲ್ಲ ನಾರುತ್ತೆ" ಎಂದ. ಬಸವರಾಜ ಮುಖ ಕೆಂಪಗೆ ಮಾಡಿಕೊಂಡು ಚೀಲವನ್ನು ವಾಪಸು ತಂದ. ಅಟ್ಟದ ಕೆಳಗಿದ್ದ ಬೀಸುಕಲ್ಲು ಮತ್ತೆ ನಡುಮನೆಗೆ ಬಂತು. ಕಡೂರಿನ ಹುಡುಗಿ ಕಾಂತ ಅತ್ತೆಯ ಎದುರು ಕೂತು ದಿನಾ ಬೆಳಿಗ್ಗೆ ರಾಗಿ ಬೀಸಿದಳು. ಅಂಗೈಯಲ್ಲಿ ಬೊಬ್ಬೆ ಬಂತು.

ಊಟದ ಹೊತ್ತು ಬಂದರೆ ಎಲ್ಲರಿಗೂ ಭಯ. ಹುರುಳಿಕಾಳಿನ ಸಾರಿಗೆ ಒಗ್ಗರಣೆ ಎಷ್ಟು ಘಮಘಮ ಅಂದರೂ ಮುದ್ದೆ ಮುರಿದ ಕೂಡಲೇ ಅದೇ ವಾಸನೆ ಮೇಲೇಳುತ್ತಿತ್ತು.

"ಈ ಮುದ್ದೆ ನನ್ ಕೈಲಾಗಲ್ಲ" ಎಂದು ಬಸವರಾಜ ಒಂದು ದಿನ ತಟ್ಟೆ ದೂಡಿದ.

"ಆಗ್ದಿದ್ರೆ ಎದ್ದು ಹೋಗು" ಎಂದ ಬೆನಕಪ್ಪ. "ಬಚ್ಚಲುಮನೆ ಯಾರಿಗೆ ಕಟ್ಸಿದ್ದು? ನಂಗಾ?"

ಒಲೆಯ ಹತ್ತಿರ ನಿಂತಿದ್ದ ಕಾಂತ ಸೌಟು ಕೆಳಗಿಟ್ಟಳು. "ನಾನು ಕೇಳಿದ್ನಾ ಮಾವ? ನಮ್ಮಪ್ಪ ಒಂದು ಮಾತು ಅಂದ್ರು, ನೀವು ಕಟ್ಸಿದ್ರಿ. ತಟ್ಟಿ ಬಚ್ಚಲಲ್ಲೇ ಆರು ತಿಂಗ್ಳು ಸ್ನಾನ ಮಾಡಿದೀನಿ, ಒಂದಿನ ಕೊಂಯ್ ಅಂದಿದೀನಾ?"

"ಸೊಸೆ ಕೈಲಿ ಮಾತು ಕೇಳೋ ಕಾಲ ಬಂತು."

"ಕೇಳ್ರಿ, ತಪ್ಪೇನು?" ಎಂದಳು ಮಲ್ಲಿಕಾಂಬ. "ಅತ್ತೆ ಹೇಳಿದ್ದು ಕೇಳ್ಲಿಲ್ಲ. ಈಗ ಸೊಸೇದಾದ್ರೂ ಕೇಳ್ರಿ."

ಶಂಕರಮ್ಮ ಮೂಲೆಯಲ್ಲಿ ಕೂತು ಹಲ್ಲಿಲ್ಲದ ಬಾಯಲ್ಲಿ ಮುದ್ದೆ ನುಂಗುತ್ತಿದ್ದಳು. "ಉಂಡೇಳ್ರಪ್ಪ. ನೆಲ ಕೊಟ್ಟಿದ್ದನ್ನ ನಾವೇ ನೆನೆಸಿ ಕೆಡಿಸಿದ್ವಿ. ನಾವೇ ಉಣ್ಣಬೇಕು" ಎಂದಳು. ಆಮೇಲೆ ಮಗನ ಕಡೆ ತಿರುಗಿದಳು. "ಬೆನಕ, ಸಾವಿತ್ರಿಗೆ ಮಾತ್ರ ಇದನ್ನ ಕಳಿಸ್ಬ್ಯಾಡ. ವಾಡೇವಿನ ರಾಗಿ ಕೊಡು."

ಸಾವಿತ್ರಮ್ಮ ಬೆನಕಪ್ಪನ ತಂಗಿ. ಅಮೃತಾಪುರಕ್ಕೆ ಕೊಟ್ಟಿದ್ದರು. ಮಕ್ಕಳಿಲ್ಲ, ಗಂಡ ಹೋಗಿ ಹನ್ನೊಂದು ವರ್ಷ. ಮೈದುನ ದೇವೀರಪ್ಪನ ಮನೆಯಲ್ಲೇ ಇದ್ದಳು. ಹಗೇವು ತೆಗೆದಾಗಲೆಲ್ಲ ನಾಲ್ಕು ಚೀಲ ಅವಳಿಗೆ ಹೋಗಬೇಕೆಂದು ಅಪ್ಪ ಸಾಯುವಾಗ ಹೇಳಿಹೋಗಿದ್ದ. ನಡುವಿನ ವರ್ಷಗಳಲ್ಲಿ ಕಣದಿಂದಲೇ ಹೋಗುತ್ತಿತ್ತು. ಆ ನಾಲ್ಕು ಚೀಲ ಅವಳಿಗೆ ಬರೀ ರಾಗಿಯಲ್ಲ. ಓರಗಿತ್ತಿ ದುರ್ಗಮ್ಮ ಏನಾದರೂ ಅಂದರೆ, "ನಾನು ನನ್ನ ತವರಿನ ಹಗೇವಿನ ರಾಗಿ ಉಣ್ಣೋಳು" ಎನ್ನಲು ಅವಳಿಗಿದ್ದದ್ದು ಅದೊಂದೇ ಬಲ. ಅಕ್ಕಪಕ್ಕದವರಿಗೂ ಮೊರದಲ್ಲಿ ಹಂಚಿ, "ನಮ್ಮಣ್ಣ ಕಳ್ಸಿದ್ದು" ಎಂದು ಹೇಳಿಕೊಳ್ಳುತ್ತಿದ್ದಳು.

ವಾಡೇವು ಅಂದರೆ ಮನೆಯೊಳಗಿನ ದೊಡ್ಡ ಮಣ್ಣಿನ ಕಣಜ. ಅದರಲ್ಲಿ ಹಿಂದಿನ ಸುಗ್ಗಿಯ ಒಳ್ಳೇ ರಾಗಿ ಎರಡು ಚೀಲದಷ್ಟು ಉಳಿದಿತ್ತು. ಅದನ್ನು ಕೊಟ್ಟುಬಿಟ್ಟರೆ ಬೀಗರು ಬಂದಾಗ ಏನು ಬಡಿಸುವುದು? ಈ ಮುಗ್ಗಲು ಮುದ್ದೆಯನ್ನೇ? ಸಂತೆಯಲ್ಲಿ ನಾಲ್ಕು ಚೀಲ ಕೊಂಡು ಕಳಿಸೋಣವೆಂದರೆ, ಹಗೇವಿನ ಮನೆಯವನು ಸಂತೆ ರಾಗಿ ಕೊಂಡ ಎಂದು ಅಜ್ಜಂಪುರವೆಲ್ಲ ನೋಡಬೇಕೇ? ತಂಗಿಗೆ ನಿಜ ಹೇಳಿ ಕಳಿಸೋಣವೆಂದರೆ, ತಾನು ತಾಯಿಯ ಮಾತು ಮೀರಿ ಬಚ್ಚಲು ಕಟ್ಟಿಸಿದ್ದನ್ನೂ ಹೇಳಬೇಕಾಗುತ್ತದೆ. ಬೆನಕಪ್ಪ ಎರಡು ದಿನ ಯೋಚಿಸಿದ. ಯೋಚಿಸಿದಷ್ಟೂ ಬುದ್ಧಿ ಮಂಕಾಯಿತು.

ಮೂರನೆಯ ದಿನ, ಶಂಕರಮ್ಮ ಮಲಗಿದ್ದ ಮಧ್ಯಾಹ್ನದಲ್ಲಿ, ಮುಗ್ಗಲು ರಾಗಿಯಲ್ಲಿ ವಾಸನೆ ಕಡಿಮೆ ಇದ್ದದ್ದನ್ನು ಆರಿಸಿ ನಾಲ್ಕು ಚೀಲ ತುಂಬಿದ. ಮಲ್ಲಿಕಾಂಬ ಚೀಲದ ಬಾಯಿ ಹಿಡಿದಿದ್ದಳು.

"ಬ್ಯಾಡ ಕಣ್ರೀ. ಇದ್ದಂಗೆ ಹೇಳಿ ಕಳ್ಸ್ರಿ. ಅವಳೇನು ಹೊರಗಿನೋಳಾ?"

"ಬಿಸಿಲಿಗೆ ಹಾಕ್ತಾಳೆ, ಹೋಗುತ್ತೆ ವಾಸ್ನೆ. ನೀನು ಸುಮ್ಕೆ ಹಿಡ್ಕ."

ಆಮೇಲೆ ವಾಡೇವಿನಿಂದ ಒಳ್ಳೇ ರಾಗಿ ತಂದು ಒಂದೊಂದು ಚೀಲದ ಮೇಲೂ ಎರಡೆರಡು ಮೊರ ಸುರಿದ. ಮಲ್ಲಿಕಾಂಬ ಅವನ ಮುಖವನ್ನೇ ನೋಡಿದಳು. ಈರುಳ್ಳಿ ವ್ಯಾಪಾರಿಗಳು ಮೇಲೆ ದಪ್ಪ ಗಡ್ಡೆ, ಕೆಳಗೆ ಕೊಳೆತದ್ದು ತುಂಬುತ್ತಾರೆಂದು ಊರು ಕೇಳುವಂತೆ ಬೈಯುತ್ತಿದ್ದ ಮನುಷ್ಯ ಇವನೇ. ಬೆನಕಪ್ಪ ಹೆಂಡತಿಯ ಮುಖ ನೋಡದೆ ದಬ್ಬಳಕ್ಕೆ ದಾರ ಪೋಣಿಸಿ ಚೀಲದ ಬಾಯಿ ಹೊಲಿದ.

ಗಾಡಿ ಹೊಡೆದುಕೊಂಡು ಹೋದವನು ಬಸವರಾಜ. ಅವನಿಗೆ ಇದೇನೂ ಗೊತ್ತಿರಲಿಲ್ಲ. ಒಳ್ಳೇ ರಾಗಿಯೇ ಹೋಗುತ್ತಿದೆ ಎಂದುಕೊಂಡಿದ್ದ. ಮಾರನೆಯ ಸಂಜೆ ವಾಪಸು ಬಂದು ಎತ್ತು ಬಿಚ್ಚುತ್ತಿದ್ದಾಗ ಬೆನಕಪ್ಪ ಹತ್ತಿರ ಹೋದ.

"ಏನಂದ್ಲು ನಿಮ್ಮತ್ತೆ?"

"ಏನಂತಾರೆ? ಖುಷಿಯಾಗಿದ್ರು. ಹೋಳಿಗೆ ಮಾಡಿದ್ರು. ಒಂದು ಚೀಲದ ಬಾಯಿ ಬಿಚ್ಚಿ ಕೈ ಹಾಕಿ ನೋಡಿದ್ರು."

"ಎಷ್ಟು ಆಳ ಹಾಕಿದ್ಲು?"

ಬಸವರಾಜನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಮೊಣಕೈ ತನಕ. ಯಾಕಪ್ಪ?"

"ಏನೂ ಇಲ್ಲ. ಆಮ್ಯಾಲೆ?"

"ಆಮ್ಯಾಲೇನು? ಕೈ ತಗ್ದು ಸೆರಗಿಗೆ ಒರೆಸ್ಕಂಡ್ರು. ಅಣ್ಣ ಆರಾಮಾ ಅಂತ ಕೇಳಿದ್ರು."

ಆ ರಾತ್ರಿ ಬೆನಕಪ್ಪ ಅರ್ಧ ಮುದ್ದೆಗೇ ತಟ್ಟೆ ಬಿಟ್ಟು ಎದ್ದ. ವಾಸನೆಯಿಂದಲ್ಲ.

ಆಷಾಢದಲ್ಲಿ ಬೀಗರು ಬಂದರು. ಬೆನಕಪ್ಪ ಹೆಂಡತಿಗೆ ಹೇಳಿ ವಾಡೇವಿನ ಒಳ್ಳೇ ರಾಗಿಯಲ್ಲೇ ಮುದ್ದೆ ಮಾಡಿಸಿದ. ಬೀಗರು ತಟ್ಟೆ ನೋಡಿ, "ಅಯ್ಯೋ, ನಂಗೆ ಡಾಕ್ಟ್ರು ಮುದ್ದೆ ಬ್ಯಾಡ ಅಂದವ್ರೆ. ಹೊಟ್ಟೆ ಕೆಡುತ್ತೆ. ಎರಡು ತುತ್ತು ಅನ್ನ ಇದ್ರೆ ಸಾಕು" ಎಂದರು. ಬೆನಕಪ್ಪ ಆ ಮುದ್ದೆಯನ್ನೂ ಆ ಬೀಗರನ್ನೂ ಒಂದಾದ ಮೇಲೊಂದು ನೋಡಿದ. ಯಾರ ಬಾಯಿಗೆ ಹೆದರಿ ತಾಯಿಯ ಮಾತು ಮೀರಿದನೋ, ಯಾರ ಊಟಕ್ಕೆಂದು ತಂಗಿಗೆ ಮೋಸ ಮಾಡಿದನೋ ಆ ಮನುಷ್ಯ ಅನ್ನ ಸಾರು ಕಲಸಿಕೊಂಡು ಸುಖವಾಗಿ ಉಣ್ಣುತ್ತಿದ್ದ. ಅವರದೇನು ತಪ್ಪು? ಅವರು ಒಂದು ಮಾತು ಆಡಿದ್ದನ್ನು ಅವರೇ ಮರೆತಿದ್ದರು.

ಬೀಗರ ಬಸ್ಸು ಹೋದ ಮೇಲೆ ಬೆನಕಪ್ಪ ಹಾರೆ ತಗೊಂಡು ಬಚ್ಚಲುಮನೆಯ ಹಿಂದಕ್ಕೆ ಹೋದ. ಮೋರಿಯ ಹತ್ತಿರದ ಗೋಡೆಗೆ ನಾಲ್ಕು ಏಟು ಹಾಕಿದ. ಸಿಮೆಂಟಿನ ಚಕ್ಕೆ ಎದ್ದಿತು. ಸದ್ದಿಗೆ ಮಲ್ಲಿಕಾಂಬ, ಕಾಂತ ಓಡಿ ಬಂದರು.

"ಇದೇನ್ರೀ, ತಲೆ ಕೆಟ್ಟೈತಾ?"

"ಒಡೆದಾಕ್ತೀನಿ. ಇದು ಈ ಮನೇಲಿ ಇರಬಾರ್ದು."

ಕಾಂತ ಮೆಲ್ಲಗೆ ಹೇಳಿದಳು. "ಮಾವ, ಒಡೆದ್ರೆ ವಾಸ್ನೆ ಹೋಗುತ್ತಾ? ಎಷ್ಟು ಕಷ್ಟಪಟ್ಟು ಕಟ್ಸಿದ್ರಿ. ಅದರ ಬದ್ಲು ಮೋರಿ ಸರಿ ಮಾಡಿಸ್ರಿ."

ಬೆನಕಪ್ಪ ಹಾರೆ ಊರಿಕೊಂಡು ನಿಂತ. ಹುಡುಗಿ ಹೇಳುತ್ತಿದ್ದದ್ದು ಸರಿಯಾಗಿತ್ತು. ಈ ಮನೆಯಲ್ಲಿ ಹೆಂಗಸರು ಹೇಳಿದ್ದೆಲ್ಲ ಸರಿಯಾಗಿತ್ತು, ತಾನೊಬ್ಬ ಕಿವುಡನಾಗಿದ್ದ. ಮಾರನೆಯ ದಿನ ಮುದ್ದಪ್ಪನನ್ನು ಕರೆದು, ಶಂಕರಮ್ಮನನ್ನು ಅಂಗಳದಲ್ಲಿ ಕೂರಿಸಿಕೊಂಡು, "ಅವ್ವ, ನೀನೇ ಹೇಳು, ಮೋರಿ ಎಲ್ಲಿಂದ ಹೋಗ್ಲಿ?" ಎಂದು ಕೇಳಿದ. ಮುದುಕಿ ಕೋಲಿನಿಂದ ದಾರಿ ತೋರಿಸಿದಳು. ಕಲ್ಲು ಜೋಡಿಸಿ ಗಾರೆ ಹಾಕಿದ ಮೋರಿ ಅಂಗಳ ಸುತ್ತಿಕೊಂಡು ಹಿತ್ತಲಿಗೆ ಹೋಯಿತು. ಬೆನಕಪ್ಪನಿಗೆ ಬುದ್ಧಿ ಬಂತು ಎಂದು ಮಲ್ಲಿಕಾಂಬ ಪಕ್ಕದ ಮನೆಯ ತಿಮ್ಮಕ್ಕನ ಹತ್ತಿರ ಹೇಳಿಕೊಂಡು ನಕ್ಕಳು.

ಬಂದ ಬುದ್ಧಿಯಿಂದ ಅಮೃತಾಪುರಕ್ಕೆ ಹೋದ ನಾಲ್ಕು ಚೀಲವೇನೂ ವಾಪಸು ಬರಲಿಲ್ಲ.

ಶ್ರಾವಣ ಹತ್ತಿರವಾಯಿತು. ಪಂಚಮಿಗೆ ಸಾವಿತ್ರಮ್ಮ ಬರುವುದು ವಾಡಿಕೆ. ಗಂಡ ತೀರಿಕೊಂಡ ವರ್ಷ ಬಿಟ್ಟರೆ ಒಂದು ಪಂಚಮಿಯೂ ತಪ್ಪಿಸಿದವಳಲ್ಲ. ಹುತ್ತಕ್ಕೆ ಹಾಲೆರೆದು, ಅವ್ವನ ಪಕ್ಕದಲ್ಲಿ ಎಂಟು ದಿನ ಮಲಗಿ ಹೋಗುತ್ತಿದ್ದಳು. ಬಸವರಾಜನ ಕೈಲಿ ಕಾಗದ ಬರೆಸಿ ಹಾಕಿದ್ದಕ್ಕೆ ಒಂದು ಕಾರ್ಡು ಬಂತು. ಯಾರೋ ಶಾಲೆಯ ಹುಡುಗಿಯ ಅಕ್ಷರ. "ಮೈಗೆ ಹುಷಾರಿಲ್ಲ. ಈ ಸಲ ಬರಲಾಗುವುದಿಲ್ಲ. ಅವ್ವನಿಗೆ ನನ್ನ ನಮಸ್ಕಾರ." ಅಷ್ಟೇ.

ಬಸವರಾಜ ಓದಿ ಹೇಳಿದ್ದನ್ನು ಶಂಕರಮ್ಮ ಎರಡು ಸಲ ಓದಿಸಿದಳು.

"ಅವಳಿಗೆ ಏನಾಗೈತೆ? ಜ್ವರ ಬಂದ್ರೂ ಬತ್ತಿದ್ದ ಮಗಳು ಕಣೋ ಅವಳು. ಬೆನಕ, ನೀನೇ ಹೋಗಿ ಕರ್ಕಂಬಾ. ಮುಂದಿನ ಪಂಚಮಿ ನಾನು ನೋಡ್ತೀನೋ ಇಲ್ವೋ."

"ಹೋಗ್ತೀನಿ ಕಣವ್ವ."

"ರಾಗಿ ಒಳ್ಳೇದೇ ಕಳ್ಸಿದ್ದೆ ತಾನೆ?"

ಮಲ್ಲಿಕಾಂಬ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು.

"ಹೂಂ" ಎಂದ ಬೆನಕಪ್ಪ.

ಅದೇ ವಾರ ಅಜ್ಜಂಪುರದ ಸಂತೆಗೆ ಹೋಗಿ, ಹಾಡಹಗಲಲ್ಲಿ, ನಾಲ್ಕು ಜನ ಪರಿಚಯದವರ ಎದುರಿಗೆ ಒಂದು ಚೀಲ ಒಳ್ಳೇ ರಾಗಿ ಕೊಂಡ. "ಏನ್ ಬೆನಕಪ್ನೋರೇ, ಹಗೇವು ಖಾಲಿಯಾಯ್ತಾ?" ಎಂದು ಕೇಳಿದವರಿಗೆ, "ಇಲ್ಲ ಕಣಪ್ಪ, ನಾನೇ ನೀರು ಬಿಟ್ಟು ಕೆಡಿಸ್ದೆ" ಎಂದ. ಹೇಳಿದ ಮೇಲೆ ಆಶ್ಚರ್ಯವಾಯಿತು. ಯಾರೂ ನಗಲಿಲ್ಲ. ಒಬ್ಬನಂತೂ, ತನ್ನ ಮನೆಯಲ್ಲಿ ಹಲಸಂದೆ ಹೀಗೇ ಹುಳ ಬಿದ್ದು ಹೋಯಿತೆಂದು ಕಷ್ಟ ಹೇಳಿಕೊಂಡ. ಇಷ್ಟು ಸುಲಭದ ಮಾತಿಗೆ ತಾನು ಮೂರು ತಿಂಗಳು ಒದ್ದಾಡಿದೆನೇ ಎನ್ನಿಸಿತು. ತಂಗಿಗೂ ಹೀಗೇ ಹೇಳಿಬಿಡಬೇಕು. ಒಬ್ಬಳಿಗೇ ಅಲ್ಲ, ಅವಳ ಮೈದುನ, ಓರಗಿತ್ತಿ ಎಲ್ಲರ ಎದುರೂ ಹೇಳಬೇಕು. ತಪ್ಪು ನಂದು ಅಂದರೆ ಮುಗಿಯಿತು.

ಪಂಚಮಿಗೆ ಎರಡು ದಿನ ಮುಂಚೆ ಬೆಳಗಿನ ಜಾವ ಆ ಚೀಲ ಹೇರಿಕೊಂಡು ಗಾಡಿ ಕಟ್ಟಿದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ತರೀಕೆರೆ ದಾಟುವ ಹೊತ್ತಿಗೆ ಮಾತು ಬಾಯಿಪಾಠವಾಗಿತ್ತು.

ಅಮೃತಾಪುರ ಮುಟ್ಟಿದಾಗ ಊಟದ ಹೊತ್ತು. ದೇವೀರಪ್ಪ ಜಗುಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ದುರ್ಗಮ್ಮ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. "ಬರ್ರಿ ಅಣ್ಣಾರೇ" ಎಂದರು ಇಬ್ಬರೂ. ಒಳಗಿನಿಂದ ಸಾವಿತ್ರಮ್ಮ ಕಾಲಿಗೆ ನೀರು ತಂದಳು. ತುಂಬ ಇಳಿದುಹೋಗಿದ್ದಳು.

"ಕಾಲು ತೊಳ್ಕ ಅಣ್ಣ. ಒಳಗೆ ಬಾ."

"ಇರವ್ವ, ಮೊದ್ಲು ಒಂದು ಮಾತು ಹೇಳ್ಬೇಕು."

"ಮಾತು ಎಲ್ಲಿಗೋಗುತ್ತೆ? ಮೊದ್ಲು ಊಟ ಮಾಡು."

"ಇಲ್ಲ. ಇವರ ಮುಂದೇನೇ ಹೇಳ್ತೀನಿ."

"ಅಣ್ಣ, ಬ್ಯಾಡ" ಎಂದಳು ಸಾವಿತ್ರಮ್ಮ. ದನಿ ಸಣ್ಣಗಿತ್ತು. ಕಣ್ಣಲ್ಲೇ ಏನೋ ಹೇಳಿದಳು. ಬೆನಕಪ್ಪನಿಗೆ ಅರ್ಥವಾಗಲಿಲ್ಲ. ಈಗ ಹೇಳದಿದ್ದರೆ ಧೈರ್ಯ ಜಾರಿಹೋಗುತ್ತದೆ ಎಂಬ ಭಯ ಅವನಿಗೆ. ನಿಂತ ನಿಲುವಿನಲ್ಲೇ ಎಲ್ಲ ಹೇಳಿಬಿಟ್ಟ. ತಾಯಿಯ ಮಾತು ಮೀರಿ ಬಚ್ಚಲು ಕಟ್ಟಿಸಿದ್ದು, ಹಗೇವಿಗೆ ನೀರಿಳಿದದ್ದು, ಮುಗ್ಗಲು ರಾಗಿ ತುಂಬಿ ಮೇಲೆ ಎರಡೆರಡು ಮೊರ ಒಳ್ಳೇದು ಸುರಿದು ಕಳಿಸಿದ್ದು. "ತಪ್ಪು ನಂದು. ತಂಗೀದೇನೂ ಇಲ್ಲ" ಎಂದು ಮುಗಿಸಿದ. ಎದೆಯ ಭಾರ ಇಳಿದಂತಾಯಿತು. ಒಂದು ಗಳಿಗೆ ಮಾತ್ರ.

ದುರ್ಗಮ್ಮ ಮೊರ ಕೆಳಗಿಟ್ಟಳು. "ಅಂದ್ರೆ, ಒಣಗಾಕಿದ್ದಾಗ ಮಳೆ ಬಂದು ನೆನೆದಿದ್ದಲ್ವಾ?"

"ಯಾವ ಮಳೆ?" ಎಂದ ಬೆನಕಪ್ಪ.

"ಅಕ್ಕನೇ ಹೇಳಿದ್ರಲ್ಲ! ಹಿತ್ತಲಲ್ಲಿ ಹರವಿ ಮರ್ತು ಕೂತೆ, ಮಳೆ ಬಂದ್ಬಿಡ್ತು, ನನ್ನದೇ ತಪ್ಪು ಅಂದ್ರು. ಬಂಗಾರದಂಥ ರಾಗೀನ ಹಾಳು ಮಾಡಿದ್ರಲ್ಲ ಅಂತ ಎರಡು ತಿಂಗ್ಳಿಂದ ನಾನು ಬಾಯಿಗೆ ಬಂದಂಗೆ ಬೈದಿದೀನಿ. ಈ ರಾಗಿ ನಮ್ಮ ಒಲೆ ಮ್ಯಾಲೆ ಬ್ಯಾಡ ಅಂದೆ. ಹಿತ್ತಲಲ್ಲಿ ಬ್ಯಾರೆ ಒಲೆ ಹಾಕ್ಕಂಡು ಒಬ್ರೇ ಬೇಯಿಸ್ಕಂಡು ಉಣ್ತಾವ್ರೆ." ಅವಳು ಸಾವಿತ್ರಮ್ಮನ ಕಡೆ ತಿರುಗಿದಳು. "ಒಂದಿನಾನೂ ಬಾಯಿ ಬಿಡ್ಲಿಲ್ವಲ್ಲ ಅಕ್ಕ ನೀವು! ತವರು ತವರು ಅಂತ ತಲೆ ಮ್ಯಾಲೆ ಹೊತ್ಕಂಡಿದ್ರಿ. ನೋಡ್ರಿ, ತವರಿನೋರು ಬುಡಕ್ಕೆ ಏನು ತುಂಬಿ ಕಳ್ಸವ್ರೆ!"

"ಸಾಕು ಸುಮ್ನಿರೇ" ಎಂದ ದೇವೀರಪ್ಪ. ಅವನೂ ಬೆನಕಪ್ಪನ ಮುಖ ನೋಡದೆ ಹಗ್ಗ ಹೊಸೆಯತೊಡಗಿದ. ಪಕ್ಕದ ಮನೆಯ ಜಗುಲಿಯಿಂದ ಇಬ್ಬರು ಹೆಂಗಸರು ಇಣುಕಿದರು. ಆ ಮನೆಗೂ ಎಷ್ಟೋ ವರ್ಷ ಮೊರದಲ್ಲಿ ಹಗೇವಿನ ರಾಗಿ ಹೋಗಿತ್ತು.

ಸಾವಿತ್ರಮ್ಮ ತಂಬಿಗೆ ಎತ್ತಿಕೊಂಡಳು. "ಕಾಲು ತೊಳ್ಕ ಅಣ್ಣ" ಎಂದಳು ಮತ್ತೆ.

ಹಿತ್ತಲಲ್ಲಿ ಮೂರು ಕಲ್ಲಿನ ಒಲೆ, ಮೇಲೆ ಸೋಗೆಯ ಮರೆ. ಬೆನಕಪ್ಪ ಮಣೆಯ ಮೇಲೆ ಕೂತ. ಸಾವಿತ್ರಮ್ಮ ಮುದ್ದೆ ತೊಳಸಲು ಕೂತಳು.

"ನಂಗೆ ಗೊತ್ತಿರ್ಲಿಲ್ಲ ಕಣವ್ವ" ಎಂದ ಬೆನಕಪ್ಪ.

"ಅದಕ್ಕೇ ಬ್ಯಾಡ ಅಂದೆ. ನೀನು ಯಾವತ್ತು ಕೇಳ್ದೆ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಎರಡು ತಿಂಗ್ಳು ಮುಚ್ಚಿಟ್ಟಿದ್ದೆ. ನಾನು ಮರೆಗುಳಿ, ನಾನು ಹಾಳು ಮಾಡಿದೋಳು ಅನ್ನಿಸ್ಕಂಡೆ. ತವರಿನ ಹೆಸರು ಚೆನ್ನಾಗಿತ್ತು. ಇನ್ಮ್ಯಾಲೆ ದುರ್ಗಮ್ಮ ಒಂದು ಮಾತಂದ್ರೆ ನಾನು ಏನು ಹೇಳ್ಲಿ?"

"ಕಾರ್ಡು ಯಾಕೆ ಹಾಕ್ಸಿದೆ? ಸಿಟ್ಟಿಗಲ್ವಾ?"

"ಬಂದ್ರೆ ಅವ್ವ ರಾಗಿ ಹೆಂಗೈತೆ ಅಂತ ಕೇಳ್ತಾಳೆ. ಇವಳ ಮುಂದೆ ಸುಳ್ಳು ಹೇಳಿದೆ. ಅವ್ವನ ಮುಂದೆ ಹೇಳಾಕೆ ನಂಗೆ ಬರಲ್ಲ."

"ಈಗ ಬಾ. ಅವ್ವಂಗೆ ನಾನೇ ಎಲ್ಲಾ ಹೇಳ್ತೀನಿ."

"ನೀನು ಹೇಳಿದ್ದು ಸಾಕು ಅಣ್ಣ ಇವತ್ತಿಗೆ." ಅವಳು ಬಿಸಿ ಹಿಟ್ಟನ್ನು ಮರಿಗೆಯಲ್ಲಿ ಉರುಳಿಸಿ ಉಂಡೆ ಮಾಡಿದಳು. "ಇವತ್ತು ನಿನ್ ಗಾಡಿ ಹತ್ತಿದ್ರೆ, ಮುಗ್ಗಲು ಕೊಟ್ರೂ ಓಡೋದ್ಲು ಅಂತಾರೆ. ನಾನು ಇದೇ ಮನೇಲಿ ಸಾಯೋಳು. ಈ ಸಲ ಬ್ಯಾಡ. ಅವ್ವಂಗೆ ಜ್ವರ ಅಂತ ಹೇಳು."

ಬೆನಕಪ್ಪನಿಗೆ ದಿಕ್ಕೇ ತೋಚಲಿಲ್ಲ. ಮುಚ್ಚಿಟ್ಟಿದ್ದಕ್ಕೆ ಒಂದು ಸಲ ಕೆಟ್ಟಿತ್ತು, ಬಿಚ್ಚಿ ಹೇಳಿದ್ದಕ್ಕೆ ಇನ್ನೊಂದು ಸಲ ಕೆಟ್ಟಿತು. ನಾಳೆ ಮನೆಗೆ ಹೋದರೆ ಅವ್ವ ಬಾಗಿಲಲ್ಲೇ ಕೂತಿರುತ್ತಾಳೆ, ಕೇಳಿಯೇ ಕೇಳುತ್ತಾಳೆ. ಜ್ವರ ಅನ್ನುವುದೋ, ನಿಜ ಅನ್ನುವುದೋ? ಐವತ್ತಾರು ವರ್ಷದ ಮನುಷ್ಯ ಮಣೆಯ ಮೇಲೆ ಕೈಕಟ್ಟಿಕೊಂಡು ಕೂತಿದ್ದ.

ಸಾವಿತ್ರಮ್ಮ ತಟ್ಟೆ ಇಟ್ಟು ಮುದ್ದೆ ಬಡಿಸಿ, ಸೊಪ್ಪಿನ ಸಾರು ಬಿಟ್ಟಳು. ಇದಾದರೂ ಉಂಡು ತೀರಿಸಬೇಕು, ಎಷ್ಟು ನಾರಿದರೂ ಮುಖ ಸಿಂಡರಿಸಬಾರದು ಎಂದುಕೊಂಡು ಬೆನಕಪ್ಪ ಉಸಿರು ಹಿಡಿದು ಒಂದು ತುತ್ತು ಮುರಿದು ನುಂಗಿದ. ಆಮೇಲೆ ಉಸಿರು ಬಿಟ್ಟ. ಇನ್ನೊಂದು ತುತ್ತು ಮುರಿದು ಮೂಗಿನ ಹತ್ತಿರ ಹಿಡಿದ. ಹೊಸ ರಾಗಿಯ ಒಳ್ಳೇ ವಾಸನೆ ಬಂತು.

"ಇದು ಯಾವ ರಾಗಿ? ನಾನು ಈಗ ತಂದಿದ್ದಾ?"

"ಅದಿನ್ನೂ ಗಾಡಿಯಾಗೇ ಐತಲ್ಲ."

"ಮತ್ತೆ ಇದು?"

"ಮ್ಯಾಲಿಂದು" ಎಂದಳು ಸಾವಿತ್ರಮ್ಮ. "ನಾಲ್ಕು ಚೀಲದ್ದೂ ಮ್ಯಾಲಿಂದು ಬ್ಯಾರೆ ತಗ್ದು ಗಡಿಗೇಲಿ ಇಟ್ಟಿದ್ದೆ. ನಾನು ಬರಲ್ಲ ಅಂದ್ರೆ ನೀನೇ ಬತ್ತೀಯ ಅಂತ ಗೊತ್ತಿತ್ತು. ನಿಂಗೆ ಉಣ್ಣಾಕೆ ಬೇಕಲ್ಲ."

ಅವಳು ಒಲೆಯ ಮರೆಯಲ್ಲಿದ್ದ ಇನ್ನೊಂದು ಸಣ್ಣ ಮಡಕೆಯಿಂದ ಬೆಳಿಗ್ಗೆಯ ಮುದ್ದೆ ತೆಗೆದು ತನ್ನ ತಟ್ಟೆಗೆ ಹಾಕಿಕೊಂಡಳು. ಆ ವಾಸನೆ ಬೆನಕಪ್ಪನಿಗೆ ಚೆನ್ನಾಗಿ ಗುರುತಿತ್ತು.

"ಅದನ್ನ ಇತ್ತ ಕೊಡು. ನಾನು ಉಣ್ತೀನಿ" ಎಂದು ಕೈ ಚಾಚಿದ.

ಸಾವಿತ್ರಮ್ಮ ತಟ್ಟೆಯನ್ನು ಆಚೆಗೆ ಸರಿಸಿಕೊಂಡಳು. "ಇದು ನಂದು ಅಣ್ಣ. ನಿಂದು ಆರೋಗುತ್ತೆ, ಉಣ್ಣು."

ಬೆನಕಪ್ಪ ಉಂಡ. ತುತ್ತು ತುತ್ತಿಗೂ ಕಣ್ಣು ತುಂಬಿ ಬರುತ್ತಿತ್ತು, ಸಾರಿನ ಖಾರ ಎಂಬಂತೆ ಮುಖ ಒರೆಸಿಕೊಂಡ. ತಟ್ಟೆ ಖಾಲಿಯಾಗುತ್ತಿದ್ದಂತೆ ಸಾವಿತ್ರಮ್ಮ ಮರಿಗೆಯಿಂದ ಇನ್ನೊಂದು ಮುದ್ದೆ ಎತ್ತಿ ಹಿಡಿದಳು.

"ಇನ್ನೊಂದು ಇಕ್ಲಾ?"

ಬೇಕು ಅನ್ನಬೇಕೋ ಬೇಡ ಅನ್ನಬೇಕೋ ಬೆನಕಪ್ಪನಿಗೆ ತಿಳಿಯಲಿಲ್ಲ. ಅವಳು ಇಕ್ಕಿಯೇಬಿಟ್ಟಳು.